ಕರಾವಳಿ ರಸ್ತೆಯಲ್ಲಿ ಎಲೆಕ್ಟ್ರಿಕ್ ಕಾರು: ಫುಲ್ ಚಾರ್ಜಿಗೆ ನಿಜಕ್ಕೂ ಎಷ್ಟು ದೂರ?

ಬ್ರಹ್ಮಾವರದವ:

ಎಲ್ಲರಿಗೂ ನಮಸ್ಕಾರ. "ಇಂಥ ಕಾರು ಫುಲ್ ಚಾರ್ಜಿಗೆ ಎಷ್ಟು ಕೊಡ್ತದೆ?" ಅಂತ ಇಲ್ಲಿ ಯಾರಾದರೂ ಕೇಳುತ್ತಲೇ ಇರುತ್ತಾರೆ. ಒಬ್ಬರು 300 ಅನ್ನುತ್ತಾರೆ. ಇನ್ನೊಬ್ಬರು 220 ದಾಟುವುದಿಲ್ಲ ಅನ್ನುತ್ತಾರೆ. ಮತ್ತೊಬ್ಬರು ಬಂದು ಕಂಪನಿಯವರು 465 ಅಂತ ಬರೆದಿದ್ದಾರಲ್ಲ ಅಂತ ವಾದಕ್ಕೆ ಇಳಿಯುತ್ತಾರೆ. ಯಾರೂ ಸುಳ್ಳು ಹೇಳುತ್ತಿಲ್ಲ ಮಾರಾಯ್ರೇ. ಅವರವರ ರಸ್ತೆ ಬೇರೆ, ಸ್ಪೀಡ್ ಬೇರೆ.

ಹಾಗಾಗಿ ಒಂದು ವಿನಂತಿ. ಇಲ್ಲಿ ಬರೆಯುವವರು ಬರೀ ಕಿಲೋಮೀಟರ್ ಬರೆಯಬೇಡಿ. 100 ಕಿ.ಮೀ.ಗೆ ಎಷ್ಟು ಯೂನಿಟ್ ಹೋಯಿತು ಅಂತ ಬರೆಯಿರಿ. ಕರೆಂಟ್ ಬಿಲ್ಲಿನಲ್ಲಿ ಬರುವ ಅದೇ ಯೂನಿಟ್. ಬ್ಯಾಟರಿ ಸೈಜ್ ಹೇಳುವುದೂ ಅದೇ ಲೆಕ್ಕದಲ್ಲಿ, 40.5 ಅಂದರೆ 40.5 ಯೂನಿಟ್. ಯಾವ ರಸ್ತೆ, ಎಷ್ಟು ಸ್ಪೀಡ್, ಎಷ್ಟು ಜನ, ಎಸಿ ಇತ್ತಾ, ಮಳೆ ಇತ್ತಾ ಅಂತಲೂ ಸೇರಿಸಿ. ಅಷ್ಟು ಗೊತ್ತಾದರೆ ಬೇರೆ ಕಾರಿನವರೂ ತಮ್ಮ ಲೆಕ್ಕ ತಾವೇ ಹಾಕಿಕೊಳ್ಳಬಹುದು.

ನನ್ನದು 40.5ರ ಟಾಟಾ ನೆಕ್ಸಾನ್ ಇವಿ. ಹೈವೇ 66ರಲ್ಲಿ ಇಬ್ಬರೇ ಕೂತು, ಎಸಿ 24ರಲ್ಲಿ ಇಟ್ಟು, 80 ದಾಟದೆ ಮಂಗಳೂರಿಗೆ ಹೋದರೆ 100 ಕಿ.ಮೀ.ಗೆ 14 ಯೂನಿಟ್ ಹತ್ತಿರ ಬರುತ್ತದೆ. ಅದೇ ರಸ್ತೆಯಲ್ಲಿ ಜಾಗ ಸಿಕ್ಕಿದಲ್ಲೆಲ್ಲ 100ರಲ್ಲಿ ಹೋದರೆ 17ರ ಮೇಲೆ. ಬಾರ್ಕೂರು ಕಡೆಯ ಒಳರಸ್ತೆಯಲ್ಲಿ 50-60ರಲ್ಲಿ ಆರಾಮವಾಗಿ ಹೋದರೆ 12. ಬ್ಯಾಟರಿಯಲ್ಲಿ ನಾವು ಬಳಸಲಿಕ್ಕೆ ಸಿಗುವುದು 38 ಯೂನಿಟ್ ಅಂತ ಇಟ್ಟುಕೊಳ್ಳಿ. ಭಾಗಿಸಿ ನೋಡಿ. ಒಳರಸ್ತೆಯಲ್ಲಿ 315ರ ಹತ್ತಿರ, ಹೈವೇಯಲ್ಲಿ 80ರಲ್ಲಿ 270, 100ರಲ್ಲಿ ಓಡಿಸಿದರೆ 220. ಒಂದೇ ಕಾರು, ಓಡಿಸುವವನೂ ಒಬ್ಬನೇ. ಇದರಲ್ಲಿ ಯಾವುದನ್ನು ನೀವು ಕಾರಿನ ರೇಂಜ್ ಅಂತ ಕರೆಯುತ್ತೀರಿ?

ಕಾರ್ಕಳ_ಕರಿಕಲ್ಲು:

ಒಳ್ಳೆ ಸಮಯಕ್ಕೆ ಶುರು ಮಾಡಿದ್ದೀರಿ. ನಾನು ಇನ್ನೂ ಕಾರು ತೆಗೊಂಡಿಲ್ಲ, ಈ ವರ್ಷ ತೆಗೊಳ್ಳಲೇಬೇಕು. ಮನೆ ಕಾರ್ಕಳ, ಕೆಲಸ ಮಂಗಳೂರು. ಮೂಡುಬಿದಿರೆ ದಾರಿಯಲ್ಲಿ ಹೋಗಿ ಬಂದರೆ ದಿನಕ್ಕೆ ಸುಮಾರು 100 ಕಿ.ಮೀ. ಪೆಟ್ರೋಲಿಗೆ ಹೋಗುವ ದುಡ್ಡು ನೋಡಿದರೆ ಹೊಟ್ಟೆ ಉರಿಯುತ್ತದೆ. ಹೆಂಡತಿಯ ತವರು ಶೃಂಗೇರಿ. ಆಗಾಗ ಬಜಗೋಳಿ, ಮಾಳ, ಕೆರೆಕಟ್ಟೆ ದಾರಿಯಲ್ಲಿ ಅಲ್ಲಿಗೆ ಹೋಗಿ ಬರುವುದು ಇದ್ದೇ ಇರುತ್ತದೆ.

ನನ್ನ ಬಜೆಟ್ಟಿಗೆ ಬರುವುದು ನೆಕ್ಸಾನಿನಲ್ಲೇ 30 ಯೂನಿಟ್ ಬ್ಯಾಟರಿಯದ್ದು. 45ರದ್ದು ತೆಗೊಳ್ಳಬೇಕಾದರೆ ಸಾಲ ಜಾಸ್ತಿ ಮಾಡಬೇಕು. 45ಕ್ಕೆ 489 ಕಿ.ಮೀ. ಅಂತ ಹೇಳುತ್ತಾರೆ. ಷೋರೂಮಿನ ಹುಡುಗ ಮಾತ್ರ "ಸಾರ್, 350 ಅಂತ ಇಟ್ಟುಕೊಳ್ಳಿ" ಅಂದ. ಕಂಪನಿಯೇ ಎರಡು ನಂಬರ್ ಹೇಳಿದರೆ ನಾವು ಯಾವುದನ್ನು ನಂಬುವುದು? ನನ್ನ ಓಡಾಟಕ್ಕೆ 30 ಸಾಕಾ? ತಿಳಿದವರು ದಯವಿಟ್ಟು ಹೇಳಿ.

ಸುರತ್ಕಲ್_ಮೆಕ್ಯಾನಿಕಲ್:

ಆ ಎರಡು ನಂಬರಿನ ವಿಷಯ ಮೊದಲು ಹೇಳುತ್ತೇನೆ. 489 ಅನ್ನುವುದು ಎಂಐಡಿಸಿ ಅನ್ನುವ ನಮ್ಮ ದೇಶದ ಟೆಸ್ಟಿನ ನಂಬರ್. ಕಾರನ್ನು ಲ್ಯಾಬಿನ ಒಳಗೆ ರೋಲರ್ ಮೇಲೆ ನಿಲ್ಲಿಸಿ, ಮೊದಲೇ ಬರೆದಿಟ್ಟ ಸ್ಪೀಡಿನ ಪಟ್ಟಿಯಂತೆ ಓಡಿಸುತ್ತಾರೆ. ಎಸಿ ಆಫ್. ಮೊದಲ ಭಾಗ ಪೇಟೆಯ ಓಡಾಟದ ಹಾಗೆ, ಅದರಲ್ಲಿ ಸ್ಪೀಡ್ 50 ದಾಟುವುದಿಲ್ಲ. ಎರಡನೇ ಭಾಗ ಹೈವೇಯ ಹಾಗೆ, ಅದರಲ್ಲೂ 90ರ ಮೇಲೆ ಹೋಗುವುದಿಲ್ಲ, 90 ಇರುವುದೂ ಸ್ವಲ್ಪ ಹೊತ್ತು ಮಾತ್ರ. ಮೊದಲೆಲ್ಲ ನಮ್ಮಲ್ಲಿ ಎಲೆಕ್ಟ್ರಿಕ್ ಕಾರಿಗೆ ಮೊದಲ ಭಾಗದ ನಂಬರನ್ನೇ ಹೇಳುತ್ತಿದ್ದರು. ಈಗ ಎರಡೂ ಭಾಗ ಸೇರಿಸಿ ಹೇಳುತ್ತಾರೆ. ಯೂರೋಪಿನ ಡಬ್ಲ್ಯೂಎಲ್‌ಟಿಪಿ ಟೆಸ್ಟಿನಲ್ಲಿ ಸ್ಪೀಡ್ 130 ತನಕ ಹೋಗುತ್ತದೆ. ಅದಕ್ಕೇ ಅಲ್ಲಿನ ನಂಬರ್ ನಿಜಕ್ಕೆ ಹತ್ತಿರ ಇರುತ್ತದೆ.

ಆ ಹುಡುಗ ಹೇಳಿದ 350 ಟಾಟಾದವರು ಸಿ75 ಅಂತ ಕರೆಯುವ ನಂಬರ್. ನೂರರಲ್ಲಿ 75 ಗ್ರಾಹಕರಿಗೆ ಇಷ್ಟಾದರೂ ಸಿಗುತ್ತದೆ ಅನ್ನುವ ಲೆಕ್ಕ ಅದು. 45ಕ್ಕೆ 350ರಿಂದ 370, 30ಕ್ಕೆ 210ರಿಂದ 230. ಹಾಗಾಗಿ ಎರಡೂ ಸರಿ, ಒಂದು ಲ್ಯಾಬಿನದ್ದು, ಇನ್ನೊಂದು ರಸ್ತೆಯದ್ದು. ಕಾರು ಕೊಳ್ಳುವವರು ಎರಡನೆಯದನ್ನೇ ಕೇಳಬೇಕು. ಬೇರೆ ಕಂಪನಿಗಳೂ ಇಂಥ ನಂಬರನ್ನು ಬ್ರೋಷರಿನಲ್ಲೇ ಹಾಕಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ಬ್ರಹ್ಮಾವರದವರು ಹೇಳಿದ 80ಕ್ಕೂ 100ಕ್ಕೂ ಇರುವ ವ್ಯತ್ಯಾಸ. ತುಂಬಾ ಜನ ಇದನ್ನು ನಂಬುವುದೇ ಇಲ್ಲ. ಗಾಳಿಯ ತಡೆ ಸ್ಪೀಡಿನ ವರ್ಗದ ಲೆಕ್ಕದಲ್ಲಿ ಏರುತ್ತದೆ. 60ರಿಂದ 90ಕ್ಕೆ ಹೋದರೆ ಸ್ಪೀಡ್ ಒಂದೂವರೆ ಪಟ್ಟು, ಗಾಳಿಯ ತಡೆ ಎರಡೂಕಾಲು ಪಟ್ಟು. ನೆಕ್ಸಾನ್ ಥರದ ಎತ್ತರದ ಕಾರಿಗೆ ಅಂದಾಜು ಲೆಕ್ಕ ಹಾಕಿದೆ. 100 ಕಿ.ಮೀ. ಹೋಗಲಿಕ್ಕೆ ಗಾಳಿ ಸೀಳುವುದಕ್ಕೇ 60ರಲ್ಲಿ 3.7 ಯೂನಿಟ್ ಬೇಕು. 80ರಲ್ಲಿ 6.6. 100ರಲ್ಲಿ 10ರ ಮೇಲೆ. ಟಯರ್ ಉರುಳಲಿಕ್ಕೆ ಸುಮಾರು 4.5 ಯೂನಿಟ್, ಅದು ಸ್ಪೀಡಿಗೆ ಅಷ್ಟೇನೂ ಬದಲಾಗುವುದಿಲ್ಲ. ಮೋಟಾರು, ಗೇರು, ಇನ್ವರ್ಟರಿನಲ್ಲಿ ಹೋಗುವ ನಷ್ಟ ಮತ್ತು ಎಸಿ ಸೇರಿಸಿದರೆ 60ರಲ್ಲಿ 11, 80ರಲ್ಲಿ 13.5ರಿಂದ 14, 100ರಲ್ಲಿ 17.5ರಿಂದ 18. ಅವರು ರಸ್ತೆಯಲ್ಲಿ ನೋಡಿದ್ದೂ ಹೆಚ್ಚುಕಮ್ಮಿ ಇದೇ.

ಹೆಜಮಾಡಿ ಟೋಲಿನಿಂದ ಉಡುಪಿಗೆ 30 ಕಿ.ಮೀ. ಒಳಗೇ ಇದೆ. 100ರಲ್ಲಿ ಹೋದರೆ ಉಳಿಯುವುದು ಐದು ನಿಮಿಷ ಇರಬಹುದು, ಅದೂ ಪಡುಬಿದ್ರಿ, ಕಾಪು, ಕಟಪಾಡಿ ಜಂಕ್ಷನ್ನಿನಲ್ಲಿ ನಿಲ್ಲದೆ ಹೋದರೆ. ನಿಂತರೆ ಅದೂ ಇಲ್ಲ.

ಕದ್ರಿಗುಡ್ಡೆ:

ನಾನು ಪೇಟೆಯವಳು, ನನ್ನದು 24ರ ಟಿಯಾಗೊ ಇವಿ. ಕದ್ರಿಯಿಂದ ಆಫೀಸು, ಮಗಳ ಶಾಲೆ, ಮಾರ್ಕೆಟ್ಟು, ಅಮ್ಮನ ಮನೆ ಸುರತ್ಕಲ್. 100 ಕಿ.ಮೀ.ಗೆ 10.5ರಿಂದ 11.5. ಮಂಗಳೂರಿನಲ್ಲಿ ಸಮತಟ್ಟು ರಸ್ತೆ ಎಲ್ಲಿದೆ ಹೇಳಿ, ಎಲ್ಲ ಏರು ಇಳಿತ. ಆದರೆ ಇಳಿಯುವಾಗ ರೀಜೆನ್ (ಮೋಟಾರೇ ಕರೆಂಟ್ ಮಾಡಿ ಬ್ಯಾಟರಿಗೆ ವಾಪಸ್ ಕೊಡುವುದು) ಬರುವುದರಿಂದ ಅಷ್ಟೇನೂ ನಷ್ಟ ಆಗುವುದಿಲ್ಲ.

ಎಲ್ಲರೂ ನನಗೆ ಕೇಳುವುದು ಒಂದೇ. ನಂತೂರಿನಲ್ಲಿ, ಕೂಳೂರು ಸೇತುವೆಯಲ್ಲಿ ಬ್ಲಾಕ್ ಆಗಿ ನಿಂತರೆ ಚಾರ್ಜ್ ಖಾಲಿಯಾಗಿ ರಸ್ತೆಯಲ್ಲೇ ಬಾಕಿ ಆಗುವುದಿಲ್ಲವಾ ಅಂತ. ಇಲ್ಲ. ನಿಂತಾಗ ಮೋಟಾರು ಏನೂ ಎಳೆಯುವುದಿಲ್ಲ, ಎಸಿ ಮಾತ್ರ ಎಳೆಯುತ್ತದೆ. ಏಪ್ರಿಲ್ ಮೇ ತಿಂಗಳ ಸೆಕೆಯಲ್ಲಿ, ಬಿಸಿಲಲ್ಲಿ ನಿಂತ ಕಾರನ್ನು ತಣ್ಣಗೆ ಮಾಡುವ ಮೊದಲ ಹತ್ತು ನಿಮಿಷ ಜಾಸ್ತಿ ಎಳೆಯುತ್ತದೆ, ಆಮೇಲೆ ಗಂಟೆಗೆ ಒಂದು ಯೂನಿಟ್ ಒಳಗೇ. ಒಂದು ಗಂಟೆ ಬ್ಲಾಕಿನಲ್ಲಿ ಸಿಕ್ಕಿಬಿದ್ದರೂ ಕಳೆದುಕೊಳ್ಳುವುದು 8-9 ಕಿ.ಮೀ. ದೂರದಷ್ಟು ಚಾರ್ಜ್. ಹೆದರುವ ವಿಷಯವೇ ಅಲ್ಲ.

ಬ್ರಹ್ಮಾವರದವ:

ಕದ್ರಿಗುಡ್ಡೆ ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ಎಸಿಯ ಲೆಕ್ಕ ಗಂಟೆಗೆ, ಕಿಲೋಮೀಟರಿಗೆ ಅಲ್ಲ. ಹೈವೇಯಲ್ಲಿ 80ರಲ್ಲಿ ಹೋಗುವಾಗ ಎಸಿ ಆಫ್ ಮಾಡಿ ಬೆವರು ಸುರಿಸಿಕೊಂಡು ಕೂರುವವರನ್ನು ನೋಡಿದ್ದೇನೆ. ಅದರಿಂದ ಉಳಿಯುವುದು 100 ಕಿ.ಮೀ.ಗೆ ಒಂದು ಯೂನಿಟ್ ಸುತ್ತಮುತ್ತ. ಅದರ ಬದಲು 90ರಿಂದ 80ಕ್ಕೆ ಇಳಿಸಿ, ಅದಕ್ಕಿಂತ ಜಾಸ್ತಿ ಉಳಿಯುತ್ತದೆ, ಮನೆಯವರೂ ಬೈಯುವುದಿಲ್ಲ.

ಇನ್ನೊಂದು ವಿಷಯ. ವೀಡಿಯೊಗಳಲ್ಲಿ ಚಳಿಗಾಲದಲ್ಲಿ ರೇಂಜ್ ಬಿದ್ದುಹೋಗುತ್ತದೆ ಅಂತ ತೋರಿಸುತ್ತಾರಲ್ಲ, ಅದು ಹಿಮ ಬೀಳುವ ಊರಿನ ಕಥೆ. ಅಲ್ಲಿ ಬ್ಯಾಟರಿಯೇ ತಣ್ಣಗಾಗಿ ಸೋಮಾರಿಯಾಗುತ್ತದೆ, ಮೇಲಿಂದ ಹೀಟರ್ ಬೇರೆ ಎಳೆಯುತ್ತದೆ. ನಮ್ಮ ಕರಾವಳಿಯಲ್ಲಿ ಡಿಸೆಂಬರ್ ಬೆಳಗ್ಗೆಯೂ 20 ಡಿಗ್ರಿ ಆಸುಪಾಸು ಇರುತ್ತದೆ. ಆ ಚಿಂತೆ ನಮಗೆ ಇಲ್ಲ.

ಹೆಬ್ರಿ_ದಾರಿ:

ಘಟ್ಟದ ಲೆಕ್ಕ ನಾನು ಹೇಳುತ್ತೇನೆ, ಯಾಕೆಂದರೆ ನನ್ನ ಓಡಾಟ ಎಲ್ಲ ಆಗುಂಬೆ ಮೇಲೆಯೇ.

ಏರುವಾಗ ಹೋಗುವ ಕರೆಂಟಿಗೆ ಶಾಲೆಯಲ್ಲಿ ಕಲಿತ ಲೆಕ್ಕವೇ ಸಾಕು. ತೂಕ, ಎತ್ತರ, ಅಷ್ಟೇ. ಜನ, ಲಗೇಜ್ ಸೇರಿ ಕಾರು 1,700 ಕೆ.ಜಿ. ಅಂತ ಇಟ್ಟುಕೊಳ್ಳಿ. ಆಗುಂಬೆ ಸಮುದ್ರಮಟ್ಟದಿಂದ ಸುಮಾರು 640 ಮೀಟರ್. ಅಷ್ಟು ತೂಕವನ್ನು ಅಷ್ಟು ಎತ್ತರಕ್ಕೆ ಎತ್ತಲಿಕ್ಕೆ 3 ಯೂನಿಟ್ ಬೇಕು, ನಷ್ಟ ಸೇರಿಸಿ ಮೂರೂವರೆ. ಇದು ಉಡುಪಿಯಿಂದ ಅಲ್ಲಿ ತನಕ ಓಡಲಿಕ್ಕೆ ಬೇಕಾದ ಕರೆಂಟಿನ ಮೇಲೆ ಎಕ್ಸ್‌ಟ್ರಾ. ಸಕಲೇಶಪುರ 900 ಮೀಟರಿಗೂ ಮೇಲೆ ಇದೆ, ಅಲ್ಲಿಗೆ ಎಕ್ಸ್‌ಟ್ರಾ 5. ಮಡಿಕೇರಿ 1,150ರ ಹತ್ತಿರ, ಅಲ್ಲಿಗೆ 6. ಈ ಮೂರು ನಂಬರ್ ನೆನಪಿಟ್ಟುಕೊಂಡರೆ ನಮ್ಮ ಕಡೆಯವರಿಗೆ ಯಾವ ಘಟ್ಟಕ್ಕೂ ಹೆದರಬೇಕಾಗಿಲ್ಲ.

ಸೋಮೇಶ್ವರದ ಚೆಕ್‌ಪೋಸ್ಟ್ ದಾಟಿ ತಿರುವು ಶುರುವಾದ ಕೂಡಲೇ ಡಿಸ್‌ಪ್ಲೇಯಲ್ಲಿ ಕಿಲೋಮೀಟರ್ ಬೀಳಲಿಕ್ಕೆ ಶುರು. ಹೊಸಬರು ಅಲ್ಲೇ ಗಾಬರಿ ಆಗುವುದು. ನೀವು ಹೋದದ್ದು ಎಂಟು-ಹತ್ತು ಕಿ.ಮೀ., ಡಿಸ್‌ಪ್ಲೇಯಲ್ಲಿ ಕಡಿಮೆ ಆದದ್ದು ನಲವತ್ತೋ ಐವತ್ತೋ. ಯಾಕೆಂದರೆ ಕಾರು ಈಗಷ್ಟೇ ಓಡಿದ ರೀತಿ ನೋಡಿ ಮುಂದಿನದ್ದನ್ನು ಅಂದಾಜು ಮಾಡುತ್ತದೆ, ಇಡೀ ದಾರಿ ಹೀಗೇ ಏರು ಇದೆ ಅಂದುಕೊಳ್ಳುತ್ತದೆ. 14 ತಿರುವು ಮುಗಿದು ಮೇಲೆ ಬಂದು ತೀರ್ಥಹಳ್ಳಿ ಕಡೆ ಸ್ವಲ್ಪ ದೂರ ಹೋದರೆ ನಂಬರ್ ಮತ್ತೆ ಸರಿಯಾಗುತ್ತದೆ. ಘಟ್ಟದಲ್ಲಿ ಆ ಕಿಲೋಮೀಟರ್ ನೋಡಲೇಬೇಡಿ, ಪರ್ಸೆಂಟ್ ನೋಡಿ.

ಇಳಿಯುವಾಗ ಇದರ ಉಲ್ಟಾ. ರೀಜೆನ್ ಜಾಸ್ತಿ ಲೆವೆಲಿನಲ್ಲಿ ಇಟ್ಟು ಇಳಿದರೆ ಬ್ರೇಕ್ ಮುಟ್ಟುವುದೇ ಅಪರೂಪ. ಮೇಲಿಂದ ಸೋಮೇಶ್ವರಕ್ಕೆ ಬರುವಾಗ ಒಂದೂವರೆಯಿಂದ ಎರಡು ಯೂನಿಟ್ ಬ್ಯಾಟರಿಗೆ ವಾಪಸ್ ಬರುತ್ತದೆ. ಏರುವಾಗ ಕೊಟ್ಟದ್ದರಲ್ಲಿ ಹೆಚ್ಚುಕಮ್ಮಿ ಅರ್ಧ ಇಳಿಯುವಾಗ ಸಿಕ್ಕಿತು ಅಂತ ಆಯಿತು. ಆಗ ಡಿಸ್‌ಪ್ಲೇ ಭಾರೀ ದೊಡ್ಡ ನಂಬರ್ ತೋರಿಸುತ್ತದೆ. ಅದನ್ನು ನಂಬಿ ಹೆಬ್ರಿಯಿಂದ ಆಚೆ ಲಾಂಗ್ ಪ್ಲಾನ್ ಹಾಕಬೇಡಿ.

ಒಂದು ಮಾತು ಮುಖ್ಯ. ಘಟ್ಟದ ಮೇಲೆ ಹೋಂಸ್ಟೇಯಲ್ಲಿ ಉಳಿದು ರಾತ್ರಿ ಚಾರ್ಜಿಗೆ ಇಟ್ಟರೆ 100 ಮಾಡಿಕೊಂಡು ಇಳಿಯಬೇಡಿ. ಬ್ಯಾಟರಿ ಫುಲ್ ಇದ್ದರೆ ವಾಪಸ್ ಬರುವ ಕರೆಂಟ್ ಹೋಗಲಿಕ್ಕೆ ಜಾಗ ಇಲ್ಲ, ರೀಜೆನ್ ಕೆಲಸ ಮಾಡುವುದಿಲ್ಲ ಅಥವಾ ತುಂಬಾ ಕಡಿಮೆ ಆಗುತ್ತದೆ. ದಿನಾ ರೀಜೆನ್ ಅಭ್ಯಾಸ ಆದ ಕಾಲಿಗೆ ಅವತ್ತು ಕಾರು ಹಿಡಿಯುವುದಿಲ್ಲ ಅನಿಸುತ್ತದೆ, ಇಡೀ ಘಟ್ಟ ಬ್ರೇಕಿನಲ್ಲೇ ಇಳಿಯಬೇಕಾಗುತ್ತದೆ. 85-90ಕ್ಕೆ ನಿಲ್ಲಿಸಿ.

ಕುಂದಾಪ್ರ_ಡೀಸೆಲ್:

ಹ್ವಾಯ್, ನೀವೆಲ್ಲ ಲೆಕ್ಕ ಚೆನ್ನಾಗಿ ಹಾಕುತ್ತೀರಿ. ಆದರೆ ಕಾರು ತೆಗೊಳ್ಳುವವನು ದಿನಾ ಯೂನಿಟ್, ಎತ್ತರ, ಗಾಳಿ ಅಂತ ಗುಣಿಸಿಕೊಂಡು ಕೂರಬೇಕಾ? ನಾನು ಡೀಸೆಲ್ ತುಂಬಿಸಿದರೆ 800 ಕಿ.ಮೀ. ತಲೆಬಿಸಿ ಇಲ್ಲ. ರಾತ್ರಿ ಹನ್ನೊಂದಕ್ಕೆ ಮನೆಯವರಿಗೆ ಹುಷಾರಿಲ್ಲ ಅಂತ ಮಣಿಪಾಲಕ್ಕೆ ಹೊರಡಬೇಕಾದರೆ, ಆಗ ಬ್ಯಾಟರಿ 20 ಪರ್ಸೆಂಟ್ ಇದ್ದರೆ ಎಂತ ಮಾಡುವುದು? ಮತ್ತೆ ಮಳೆಗಾಲದಲ್ಲಿ ಮರ ಬಿದ್ದು ತಂತಿ ತುಂಡಾದರೆ ನಮ್ಮ ಕಡೆ ಕರೆಂಟ್ ಎರಡು ದಿನ ಬರುವುದಿಲ್ಲ. ಎಂಟು ವರ್ಷ ಆದಮೇಲೆ ಬ್ಯಾಟರಿ ಕತೆ ಏನು? ಕೇಳಲಿಕ್ಕೆ ಕೇಳುತ್ತಿದ್ದೇನೆ, ಜಗಳಕ್ಕಲ್ಲ.

ಬ್ರಹ್ಮಾವರದವ:

ಕುಂದಾಪ್ರದವರೇ, ನಿಮ್ಮ ಪ್ರಶ್ನೆ ಎಲ್ಲರ ಮನಸ್ಸಿನಲ್ಲೂ ಇರುವುದೇ. ಒಂದೊಂದಾಗಿ ಹೇಳುತ್ತೇನೆ.

ಕುಂದಾಪುರದಿಂದ ಮಣಿಪಾಲ 40 ಕಿ.ಮೀ. 40 ಯೂನಿಟ್ ಬ್ಯಾಟರಿಯಲ್ಲಿ 20 ಪರ್ಸೆಂಟ್ ಅಂದರೆ 8 ಯೂನಿಟ್. 80ರಲ್ಲಿ ಹೋದರೆ ಬೇಕಾಗುವುದು 6ರ ಒಳಗೆ. ತಲುಪುತ್ತೀರಿ. ಆದರೆ ಮನೆಯಲ್ಲಿ ಪಾಯಿಂಟ್ ಇರುವವರು 20ಕ್ಕೆ ಬಿಡುವುದೇ ಇಲ್ಲ. ಸಂಜೆ ಬಂದು ಸಿಕ್ಕಿಸಿದರೆ ಬೆಳಗ್ಗೆ ರೆಡಿ. ನಾನು 50ರ ಕೆಳಗೆ ಮನೆಯಲ್ಲಿ ಇಡುವುದಿಲ್ಲ, ಮಳೆಗಾಲದಲ್ಲಿ 70ರ ಕೆಳಗೆ ಇಡುವುದಿಲ್ಲ. ಗಾಳಿಮಳೆ ಜೋರಾಗುವ ಸೂಚನೆ ಕಂಡರೆ ಆ ರಾತ್ರಿಯೇ ಫುಲ್ ಮಾಡಿಬಿಡುತ್ತೇನೆ. ಎರಡು ದಿನ ಕರೆಂಟ್ ಇಲ್ಲದಿದ್ದರೂ ಫುಲ್ ಬ್ಯಾಟರಿ ಅಂದರೆ ನನಗೆ ಉಡುಪಿಗೆ ಒಂದು ವಾರದ ಓಡಾಟ.

ಬ್ಯಾಟರಿಗೆ ಹೆಚ್ಚಿನ ಕಂಪನಿಗಳು 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ ಕೊಡುತ್ತವೆ. ಬ್ಯಾಟರಿ ಶಕ್ತಿ ನಿಧಾನಕ್ಕೆ ಇಳಿಯುವುದು ಸಹಜ, ಒಂದೇ ದಿನ ಸತ್ತುಹೋಗುವುದಿಲ್ಲ. ನಾನು ಹೇಳುವುದು ಇಷ್ಟೇ. ಕೊಳ್ಳುವಾಗಲೇ ಬ್ಯಾಟರಿಯನ್ನು ನೂರರಲ್ಲಿ 80 ಅಂತ ಲೆಕ್ಕ ಹಿಡಿಯಿರಿ. ಆ 80ರಲ್ಲಿ ನಿಮ್ಮ ದಿನದ ಓಡಾಟ ಆರಾಮವಾಗಿ ಆಗುತ್ತದಾದರೆ ತೆಗೊಳ್ಳಿ. ಆಗುವುದಿಲ್ಲ ಅಂದರೆ ಅದು ನಿಮ್ಮ ಕಾರಲ್ಲ.

ಬಜಪೆ_ಟ್ಯಾಕ್ಸಿ:

ಅಣ್ಣ, ನಾನು ಏರ್‌ಪೋರ್ಟಿನಲ್ಲಿ ಎಲೆಕ್ಟ್ರಿಕ್ ಟ್ಯಾಕ್ಸಿ ಓಡಿಸುವವ. ನಮ್ಮದು ಹೊಟ್ಟೆಪಾಡಿನ ಲೆಕ್ಕ, ಅದಕ್ಕೆ ಸ್ವಲ್ಪ ಖಾರವಾಗಿ ಹೇಳಿದರೆ ಬೇಸರ ಮಾಡಬೇಡಿ.

ಗಲ್ಫಿನಿಂದ ಬರುವವರ ಲಗೇಜ್ ನೋಡಿದ್ದೀರಲ್ವಾ, ಡಿಕ್ಕಿ ತುಂಬಿ ಮೇಲೆ ಕ್ಯಾರಿಯರಿಗೂ ಕಟ್ಟಬೇಕು. ತೂಕಕ್ಕಿಂತ ಜಾಸ್ತಿ ಹೊಡೆತ ಕೊಡುವುದು ಆ ಮೇಲಿನ ಕಟ್ಟು. ಗಾಳಿಗೆ ಅಡ್ಡ ನಿಲ್ಲುತ್ತದೆ. ಕ್ಯಾರಿಯರಿಗೆ ಕಟ್ಟಿಕೊಂಡು ಕುಂದಾಪುರಕ್ಕೆ ಹೋಗುವಾಗ 100 ಕಿ.ಮೀ.ಗೆ ಎರಡು ಮೂರು ಯೂನಿಟ್ ಜಾಸ್ತಿ ಹೋಗುವುದನ್ನು ಕಣ್ಣಾರೆ ನೋಡುತ್ತೇನೆ. ಇಳಿಸಿ ಬರುವಾಗ ಖಾಲಿ ಕ್ಯಾರಿಯರ್ ಇದ್ದರೂ ಸ್ವಲ್ಪ ಜಾಸ್ತಿಯೇ. ಮನೆಗೆ ಕಾರು ಇಟ್ಟವರು ಸುಮ್ನೆ ಚೆಂದಕ್ಕೆ ಅಂತ ಕ್ಯಾರಿಯರ್ ಹಾಕಿಸಬೇಡಿ.

ಟಯರಿನ ವಿಷಯ ಯಾರೂ ಹೇಳಲಿಲ್ಲ. ಕಂಪನಿಯಿಂದ ಬರುವ ಟಯರ್ ಕಡಿಮೆ ಎಳೆತದ್ದು. ಅದು ಸವೆದ ಮೇಲೆ ಅಗ್ಗಕ್ಕೆ ಸಿಕ್ಕಿತು ಅಂತ ಬೇರೆ ಹಾಕಿದರೆ ರೇಂಜ್ ಕಡಿಮೆ ಆಗುತ್ತದೆ. ಅಂಗಡಿಯಲ್ಲಿ ಕೇಳಿ, ಅದೇ ಥರದ್ದು ಹಾಕಿಸಿ. ಗಾಳಿ ವಾರಕ್ಕೊಮ್ಮೆ ನೋಡಿ. ನಾಲ್ಕೈದು ಪಾಯಿಂಟ್ ಕಡಿಮೆ ಇದ್ದರೆ ಸಾಕು, ಕಾರು ಎಳೆದ ಹಾಗೆ ಆಗುತ್ತದೆ.

ಮತ್ತೆ ನಮ್ಮಂಥವರಿಗೆ ರೇಂಜ್ ದೊಡ್ಡ ಸಮಸ್ಯೆ ಅಲ್ಲ, ಚಾರ್ಜರ್ ಸಮಸ್ಯೆ. ಆ್ಯಪಿನಲ್ಲಿ ಹಸಿರು ತೋರಿಸುತ್ತದೆ, ಹೋಗಿ ನೋಡಿದರೆ ಸ್ಕ್ರೀನ್ ಕಪ್ಪು. ಒಂದು ಗನ್ (ಕಾರಿಗೆ ಸಿಕ್ಕಿಸುವ ಹಿಡಿಕೆ) ಸರಿ ಇದ್ದರೆ ಇನ್ನೊಂದು ಹಾಳು. ಸರಿ ಇರುವುದರಲ್ಲಿ ಯಾರೋ 80 ದಾಟಿದ ಮೇಲೂ ಬಿಟ್ಟು ಊಟಕ್ಕೆ ಹೋಗಿರುತ್ತಾರೆ. ಫಾಸ್ಟ್ ಚಾರ್ಜರಿನಲ್ಲಿ 80 ಆದಮೇಲೆ ಕಾರೇ ಕರೆಂಟ್ ತೆಗೊಳ್ಳುವುದನ್ನು ಕಡಿಮೆ ಮಾಡುತ್ತದೆ. 20ರಿಂದ 80ಕ್ಕೆ ಹಿಡಿದ ಹೊತ್ತಿನಷ್ಟೇ ಹೊತ್ತು ಕೊನೆಯ 20ಕ್ಕೂ ಹಿಡಿಯಬಹುದು. ಹಿಂದೆ ಕಾಯುವವನ ಬಾಡಿಗೆ ಹೋಗುತ್ತದೆ. ದಯವಿಟ್ಟು 80ಕ್ಕೆ ಗನ್ ತೆಗೆಯಿರಿ, ಕೈಮುಗಿದು ಕೇಳುತ್ತೇನೆ.

ಕದ್ರಿಗುಡ್ಡೆ:

ಬಜಪೆಯವರು ಹೇಳಿದ್ದನ್ನು ಎಲ್ಲರೂ ಓದಬೇಕು. ಮನೆಯಲ್ಲಿ ಪಾಯಿಂಟ್ ಇರುವ ನಾವು ಪೇಟೆಯೊಳಗಿನ ಫಾಸ್ಟ್ ಚಾರ್ಜರಿಗೆ ಹೋಗುವುದೇ ತಪ್ಪು ಅನಿಸುತ್ತದೆ, ಅದು ದಾರಿಹೋಕರಿಗೆ, ಬಾಡಿಗೆಯವರಿಗೆ ಬಿಟ್ಟುಬಿಡಬೇಕು.

ಸುರತ್ಕಲ್_ಮೆಕ್ಯಾನಿಕಲ್:

ಮಳೆಗಾಲದ ಮಾತು ಬಂದದ್ದಕ್ಕೆ ಎರಡು ವಿಷಯ. ರಸ್ತೆಯಲ್ಲಿ ನೀರಿನ ಪದರ ನಿಂತಿದ್ದರೆ ಟಯರ್ ಅದನ್ನು ಪಕ್ಕಕ್ಕೆ ತಳ್ಳಿಕೊಂಡೇ ಹೋಗಬೇಕು. ಜುಲೈಯಲ್ಲಿ ಜೋರು ಮಳೆಗೆ ಹೈವೇಯಲ್ಲಿ 100 ಕಿ.ಮೀ.ಗೆ ಒಂದು ಯೂನಿಟ್ ಜಾಸ್ತಿ ಅಂತ ಇಟ್ಟುಕೊಳ್ಳಿ. ವೈಪರ್, ಲೈಟ್ ಎಲ್ಲ ಸೇರಿದರೂ ಲೆಕ್ಕಕ್ಕಿಲ್ಲ. ಗಾಳಿಯೂ ಇದೆ. ಮಳೆಗಾಲದಲ್ಲಿ ಗಾಳಿ ಬೀಸುವುದು ನೈಋತ್ಯದಿಂದ. ಆಗ ಕುಂದಾಪುರದಿಂದ ಮಂಗಳೂರಿಗೆ ಬರುವಾಗ ಓರೆಯಾಗಿ ಎದುರುಗಾಳಿ, ವಾಪಸ್ ಹೋಗುವಾಗ ಹಿಂದಿನಿಂದ ಸ್ವಲ್ಪ ತಳ್ಳುತ್ತದೆ. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ರಸ್ತೆ. ಅಲ್ಲಿ ಅಡ್ಡಗಾಳಿಗೆ ಸ್ಟೇರಿಂಗ್ ಹಿಡಿದುಕೊಂಡಿರಬೇಕು, ಆ ತುಂಡಿನಲ್ಲಿ ಯೂನಿಟ್ ಏರುವುದು ಮೀಟರಿನಲ್ಲೇ ಕಾಣುತ್ತದೆ.

ಬ್ಯಾಟರಿಗೆ ಐಪಿ67 ಅಂತ ಬರೆದಿರುತ್ತಾರೆ. ಅದು ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿದರೂ ಒಳಗೆ ನೀರು ಹೋಗಬಾರದು ಅನ್ನುವ ಟೆಸ್ಟು. ನೆರೆಯಲ್ಲಿ ಕಾರು ನುಗ್ಗಿಸಲಿಕ್ಕೆ ಕೊಟ್ಟ ಪರವಾನಗಿ ಅಲ್ಲ.

ಸಕಲೇಶಪುರ_ಸೊಸೆ:

ನನ್ನ ಗಂಡನ ಮನೆ ಸಕಲೇಶಪುರ, ತವರು ಮಂಗಳೂರು. ಘಟ್ಟದ ಬಗ್ಗೆ ಹೆಬ್ರಿಯವರ ಲೆಕ್ಕದ ಮೇಲೆ ಒಂದು ಮಾತು ಸೇರಿಸುತ್ತೇನೆ. ಶಿರಾಡಿಯಲ್ಲಿ ಮಂಗಳೂರಿನಿಂದ ಸಕಲೇಶಪುರ 130 ಕಿ.ಮೀ. ಆಸುಪಾಸು. 100ಕ್ಕೆ 14ರ ಲೆಕ್ಕದಲ್ಲಿ 18 ಯೂನಿಟ್, ಏರಿಗೆ 5, ಒಟ್ಟು 23. ನಮ್ಮ 50 ಯೂನಿಟ್ ಕಾರಿನಲ್ಲಿ ಅರ್ಧಕ್ಕಿಂತ ಜಾಸ್ತಿ ಉಳಿಯಬೇಕು, ಉಳಿಯುತ್ತದೆ ಕೂಡ. ಇಳಿದು ಬರುವಾಗ 15-16ರಲ್ಲಿ ಮುಗಿಯುತ್ತದೆ. ಹಾಗಾಗಿ ಹೋಗುವ ರೇಂಜ್ ಬೇರೆ, ಬರುವ ರೇಂಜ್ ಬೇರೆ.

ಆದರೆ ಮಳೆಗಾಲದಲ್ಲಿ ಈ ಲೆಕ್ಕ ಹಾಕಿಕೊಂಡು ಕಡಿಮೆ ಚಾರ್ಜಿನಲ್ಲಿ ಹೊರಡಬಾರದು. 2024ರ ಜುಲೈಯಲ್ಲಿ ದೊಡ್ಡತಪ್ಲು ಹತ್ತಿರ ಗುಡ್ಡ ಕುಸಿದು ಶಿರಾಡಿ ಬಂದ್ ಆಯಿತು. 2019ರಲ್ಲಿ ಚಾರ್ಮಾಡಿ ಬಂದ್ ಆಗಿತ್ತು. 2018ರಲ್ಲಿ ಜೋಡುಪಾಲದಲ್ಲಿ ಕುಸಿದು ಸಂಪಾಜೆ ದಾರಿಯೇ ಹೋಗಿತ್ತು. ಗುಂಡ್ಯದ ತನಕ ಹೋದ ಮೇಲೆ ಪೊಲೀಸರು ವಾಪಸ್ ಕಳಿಸಿದರೆ ಉಪ್ಪಿನಂಗಡಿಗೆ ಬಂದು ಚಾರ್ಮಾಡಿ ಸುತ್ತಬೇಕು. ಅಂದರೆ ಹೆಚ್ಚುವರಿ ದೂರ, ಅದರ ಮೇಲೆ ಮತ್ತೆ ಇಡೀ ಏರು. ಡೀಸೆಲಿನವರು ದಾರಿಯಲ್ಲಿ ಎಲ್ಲಾದರೂ ಹಾಕಿಸಿಕೊಳ್ಳುತ್ತಾರೆ. ಕೊಟ್ಟಿಗೆಹಾರದಲ್ಲಿ ಮಂಜು ಮುಸುಕಿದ ರಾತ್ರಿ ನಾವು ಚಾರ್ಜರ್ ಹುಡುಕುವ ಸ್ಥಿತಿ ಬರಬಾರದು. ನಾವು ಜೂನ್‌ನಿಂದ ಸೆಪ್ಟೆಂಬರ್ ತನಕ ಘಟ್ಟ ಹತ್ತುವುದಾದರೆ ಕೆಳಗಿನಿಂದ ಫುಲ್ ಮಾಡಿಕೊಂಡೇ ಹೊರಡುತ್ತೇವೆ. ಅತ್ತೆ ಮಾವ ಕಾರಿನಲ್ಲಿ ಇರುತ್ತಾರೆ, ಅಂದಾಜಿನ ಮೇಲೆ ಹೋಗಲಿಕ್ಕೆ ಆಗುವುದಿಲ್ಲ.

ಹೆಬ್ರಿ_ದಾರಿ:

ಸಕಲೇಶಪುರದ ಅಕ್ಕ ಹೇಳಿದ್ದನ್ನು ಮೇಲೆ ಪಿನ್ ಮಾಡಿ ಇಡಬೇಕು. ಮೈಸೂರು ಬೆಂಗಳೂರು ಕಡೆಯವರು ಬರೆದ ರೇಂಜ್ ಲೆಕ್ಕದಲ್ಲಿ ಈ ವಿಷಯ ಇರುವುದೇ ಇಲ್ಲ. ನಮಗೆ ದಾರಿಯೇ ಬದಲಾಗಬಹುದು.

ಮಣಿಪಾಲ_ವೈರಿಂಗ್:

ನಾನು ಎಲೆಕ್ಟ್ರಿಕಲ್ ಕಾಂಟ್ರಾಕ್ಟ್ ಮಾಡುವವ, ಚಾರ್ಜಿಂಗ್ ಪಾಯಿಂಟ್ ಸುಮಾರು ಹಾಕಿಕೊಟ್ಟಿದ್ದೇನೆ. ಕಾರ್ಕಳದವರಿಗೆ ಉಪಯೋಗ ಆಗುತ್ತದೆ ಅಂತ ಬರೆಯುತ್ತೇನೆ.

ಕಾರು ತೋರಿಸುವ ಯೂನಿಟ್ಟೇ ಬೇರೆ, ಮೆಸ್ಕಾಂ ಮೀಟರಿನ ಯೂನಿಟ್ಟೇ ಬೇರೆ. ಗೋಡೆಯಿಂದ ಹೋದದ್ದರಲ್ಲಿ ಹತ್ತು ಪರ್ಸೆಂಟ್ ಸುಮಾರು ಚಾರ್ಜಿಂಗಿನಲ್ಲೇ ಬಿಸಿಯಾಗಿ ಹೋಗುತ್ತದೆ. ಕಾರು 14 ಅಂದರೆ ಬಿಲ್ಲಿನಲ್ಲಿ ಹದಿನೈದೂವರೆ ಅಂತ ಇಟ್ಟುಕೊಳ್ಳಿ. ಖರ್ಚಿನ ಲೆಕ್ಕಕ್ಕೆ ಗೋಡೆಯ ಯೂನಿಟ್, ದೂರದ ಲೆಕ್ಕಕ್ಕೆ ಕಾರಿನ ಯೂನಿಟ್.

15 ಆಂಪಿಯರ್ ಪಾಯಿಂಟಿನಲ್ಲಿ ಗಂಟೆಗೆ ಮೂರು ಯೂನಿಟ್ ಹತ್ತಿರ ಬರುತ್ತದೆ. ಗೋಡೆಗೆ ಹಾಕುವ 7.2 ಕಿಲೋವ್ಯಾಟಿನ ಬಾಕ್ಸ್ ಆದರೆ ಅದರ ಎರಡು ಪಟ್ಟಿಗಿಂತ ಜಾಸ್ತಿ, ಆದರೆ ನಿಮ್ಮ ಮನೆಯ ಲೋಡ್ ಸಾಕಾಗುತ್ತದಾ ಅಂತ ಮೊದಲು ನೋಡಿಸಬೇಕು. ಪಾಯಿಂಟಿಗೆ ಪ್ರತ್ಯೇಕ ವಯರ್, ಪ್ರತ್ಯೇಕ ಎಂಸಿಬಿ (ಲೋಡ್ ಜಾಸ್ತಿಯಾದರೆ ಬೀಳುವ ಸ್ವಿಚ್), ಆರ್‌ಸಿಸಿಬಿ (ಕರೆಂಟ್ ಸೋರಿದರೆ ಬೀಳುವ ಸ್ವಿಚ್) ಬೇಕೇ ಬೇಕು. ಪಂಪಿನ ಲೈನಿನಿಂದ ಎಳೆಯುವುದು, ಎಕ್ಸ್‌ಟೆನ್ಷನ್ ಬಾಕ್ಸಿನಲ್ಲಿ ಸಿಕ್ಕಿಸುವುದು ಬೇಡವೇ ಬೇಡ. ಗಂಟೆಗಟ್ಟಲೆ 15 ಆಂಪಿಯರ್ ಹೋಗುವಾಗ ಲೂಸ್ ಸಾಕೆಟ್ ಕರಗಿ ಕಪ್ಪಾದದ್ದನ್ನು ನಾನೇ ಬಿಚ್ಚಿ ತೆಗೆದಿದ್ದೇನೆ.

ಇನ್ನು ಅರ್ತಿಂಗ್. ನಮ್ಮದು ಮುರಕಲ್ಲಿನ ನೆಲ. ಮಳೆಗಾಲದಲ್ಲಿ ಮಣ್ಣು ಒದ್ದೆ ಇರುವಾಗ ಎಲ್ಲ ಸರಿ ಇರುತ್ತದೆ, ಮಾರ್ಚ್ ಏಪ್ರಿಲಿಗೆ ನೆಲ ಒಣಗಿದ ಕೂಡಲೇ ಅರ್ತ್ ಕೈಕೊಡುತ್ತದೆ. ಚಾರ್ಜರ್ ಅದನ್ನು ಪರೀಕ್ಷಿಸಿಯೇ ಕರೆಂಟ್ ಬಿಡುವುದು. ಕೆಂಪು ದೀಪ ಮಿನುಗಿ ನಿಂತುಬಿಡುತ್ತದೆ, ಜನ ಕಾರು ಹಾಳಾಯಿತು ಅಂತ ಸರ್ವೀಸಿಗೆ ಫೋನ್ ಮಾಡುತ್ತಾರೆ. ಹಳೆ ಮನೆಯಾದರೆ ಚಾರ್ಜಿಂಗಿಗೆಂದೇ ಹೊಸ ಅರ್ತ್ ಪಿಟ್ ತೆಗೆಸಿ, ಆಳ ಜಾಸ್ತಿ ಇರಲಿ, ಬೇಸಿಗೆಯಲ್ಲಿ ಆಗಾಗ ನೀರು ಹಾಕಿ. ಬಾವಿಕಟ್ಟೆಯ ಹತ್ತಿರ, ಬಟ್ಟೆ ಒಗೆಯುವ ನೀರು ಹರಿಯುವ ಕಡೆ ಜಾಗ ಸಿಕ್ಕಿದರೆ ಇನ್ನೂ ಒಳ್ಳೆಯದು.

ಕೊನೆಯದಾಗಿ, ನಿಮ್ಮ ಬ್ಯಾಟರಿ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಆದರೆ ಆಗಾಗ 100ರ ತನಕ ಚಾರ್ಜ್ ಮಾಡಿ. ಆ ಥರದ ಬ್ಯಾಟರಿಯಲ್ಲಿ ನಡುವಿನ ವೋಲ್ಟೇಜ್ ಹೆಚ್ಚುಕಮ್ಮಿ ಒಂದೇ ಇರುವುದರಿಂದ ಎಷ್ಟು ಉಳಿದಿದೆ ಅಂತ ಕಾರಿಗೇ ಸರಿಯಾಗಿ ಗೊತ್ತಾಗುವುದಿಲ್ಲ. ಫುಲ್ ಮಾಡಿದಾಗ ಲೆಕ್ಕ ಸರಿಹೋಗುತ್ತದೆ. ಬಹಳ ದಿನ 40-80ರ ಒಳಗೇ ಓಡಿಸಿದ ಕಾರಿನ ಪರ್ಸೆಂಟ್ ನಂಬಿ ಘಟ್ಟಕ್ಕೆ ಹೊರಡಬೇಡಿ.

ಕಾರ್ಕಳ_ಕರಿಕಲ್ಲು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕೂತು ಲೆಕ್ಕ ಹಾಕಿದೆ, ಸರಿ ಉಂಟಾ ನೋಡಿ.

ದಿನದ 100 ಕಿ.ಮೀ.ಗೆ ಮೂಡುಬಿದಿರೆ ದಾರಿಯಲ್ಲಿ 80 ದಾಟಲಿಕ್ಕೇ ಆಗುವುದಿಲ್ಲ, ಏರುತಗ್ಗು ಇದೆ, 13 ಅಂತ ಹಿಡಿದೆ. ಮಳೆಗೆ 14. 30ರ ಬ್ಯಾಟರಿಯಲ್ಲಿ ಬಳಸಲಿಕ್ಕೆ 28. ಅದರ 80 ಪರ್ಸೆಂಟ್ ಅಂದರೆ 22. ಎಂಟು ವರ್ಷ ಕಳೆದರೂ ನನ್ನ ದಿನದ ಓಡಾಟ ಆಗಿ 8 ಉಳಿಯುತ್ತದೆ. ರಾತ್ರಿ 15 ಆಂಪಿಯರಿನಲ್ಲಿ ಐದು ಗಂಟೆ ಇಟ್ಟರೆ ಮತ್ತೆ ತುಂಬುತ್ತದೆ.

ಶೃಂಗೇರಿ ಹೋಗಿ ಬರಲಿಕ್ಕೆ 130 ಕಿ.ಮೀ. ಸುತ್ತಮುತ್ತ. 14ರಲ್ಲಿ 18 ಯೂನಿಟ್. ಏರಿಗೆ ಮೂರೂವರೆ ಕೊಟ್ಟು ಇಳಿಯುವಾಗ ಎರಡು ವಾಪಸ್ ಬಂದರೆ ಒಟ್ಟು 20. ಈಗ ಹೊಸದರಲ್ಲಿ 8 ಉಳಿಯುತ್ತದೆ. ಬ್ಯಾಟರಿ ಹಳತಾದರೆ 2 ಮಾತ್ರ, ಅದು ಸಾಕಾಗುವುದಿಲ್ಲ. ಕೆರೆಕಟ್ಟೆ ದಾರಿ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗಿಂದ ಹೋಗುವುದು, ಕಾಡಿನಲ್ಲಿ ಗಾಡಿ ನಿಲ್ಲಿಸುವ ಹಾಗಿಲ್ಲ. ಆದರೆ ಮಾವನ ಮನೆಯಲ್ಲೇ ಪಾಯಿಂಟ್ ಹಾಕಿಸಿದರೆ ಊಟ ಮಾಡಿ ಮಲಗಿ ಏಳುವಷ್ಟರಲ್ಲಿ 6-7 ಯೂನಿಟ್ ಬರುತ್ತದೆ. 45ರ ಬ್ಯಾಟರಿಗೆ ಕೊಡುವ ಹೆಚ್ಚಿನ ದುಡ್ಡಿನ ಮುಂದೆ ಆ ಪಾಯಿಂಟಿನ ಖರ್ಚು ಏನೂ ಅಲ್ಲ. ಮಾವನಿಗೆ ಫೋನ್ ಮಾಡಿದೆ, ಹಾಕಿಸು ಅಂದರು.

ಬ್ರಹ್ಮಾವರದವ:

ಲೆಕ್ಕ ಸರಿ ಉಂಟು. ಶೃಂಗೇರಿಯಲ್ಲೂ ಅರ್ತ್ ನೋಡಿಸಿ, ಹೊರಡುವಾಗ ಅಲ್ಲಿ ಫುಲ್ ಮಾಡಬೇಡಿ, ಹೆಬ್ರಿಯವರು ಹೇಳಿದ ಹಾಗೆ ಇಳಿಜಾರಿಗೆ ಜಾಗ ಇರಲಿ. ದುಡ್ಡು ಕೊಡುವ ಮೊದಲು ಒಂದು ಕೆಲಸ ಮಾಡಿ. ಟೆಸ್ಟ್ ಡ್ರೈವಿಗೆ ಷೋರೂಮಿನ ಸುತ್ತ ಎರಡು ರೌಂಡ್ ಹೊಡೆದು ಬರಬೇಡಿ. ನಿಮ್ಮ ದಾರಿಯಲ್ಲೇ ಓಡಿಸಬೇಕು ಅಂತ ಕೇಳಿ.

ಕಾರ್ಕಳ_ಕರಿಕಲ್ಲು:

ಶನಿವಾರ ಕೊಡುತ್ತೇನೆ ಅಂದಿದ್ದಾರೆ, ಮೂಡುಬಿದಿರೆ ತನಕ. ಯಾವುದನ್ನು ನೋಡಬೇಕು? ಮೀಟರಿನಲ್ಲಿ ಬೇಕಾದಷ್ಟು ನಂಬರ್ ಇರುತ್ತದಲ್ಲ.

ಬ್ರಹ್ಮಾವರದವ:

ಹೊರಡುವ ಮೊದಲು ಟ್ರಿಪ್ ಸೊನ್ನೆ ಮಾಡಿ. ಎಸಿ 24, ಮನೆಯವರನ್ನೂ ಕೂರಿಸಿಕೊಳ್ಳಿ, ನೀವು ದಿನಾ ಹೋಗುವ ಸ್ಪೀಡಿನಲ್ಲೇ ಹೋಗಿ. ಹೋದ ದಾರಿಯಲ್ಲೇ ವಾಪಸ್ ಬನ್ನಿ, ಏರು ಇಳಿತ ಎರಡೂ ಸರಿಹೋಗುತ್ತದೆ. ಬಂದ ಮೇಲೆ ಟ್ರಿಪ್ಪಿನ ಸರಾಸರಿ ನೋಡಿ. ಕೆಲವು ಕಾರಿನಲ್ಲಿ ಕಿ.ಮೀ.ಗೆ ಇಷ್ಟು ವ್ಯಾಟ್ ಅವರ್ ಅಂತ ಇರುತ್ತದೆ, 135 ಅಂದರೆ 100 ಕಿ.ಮೀ.ಗೆ 13.5 ಯೂನಿಟ್. ಕೆಲವದರಲ್ಲಿ ಯೂನಿಟ್ಟಿಗೆ ಇಷ್ಟು ಕಿ.ಮೀ. ಅಂತ ಇರುತ್ತದೆ, ಆಗ 100ನ್ನು ಅದರಿಂದ ಭಾಗಿಸಿ. ಟಯರಿನ ಗಾಳಿ ಸರಿ ಇದೆಯಾ ಅಂತ ಮೊದಲೇ ನೋಡಿಸಿ, ಷೋರೂಮಿನ ಕಾರಿಗೆ ಯಾರೂ ನೋಡಿರುವುದಿಲ್ಲ. ನಂಬರ್ ಇಲ್ಲಿ ಹಾಕಿ, 14 ದಾಟಿದ್ದರೆ ಯಾಕೆ ಅಂತ ನೋಡುವ.